ಮೋಟಾರು ಎಂಜಿನ್ನಿಗೆ ಯಾವ ಎಣ್ಣೆ?

ನಾಗಮಂಗಲ, ಕೃಷ್ಣರಾಜಪೇಟೆಗಳ ಕಡೆಯ ರೈತನು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಯ ಕೆಳಗೆ ತೂಗುಹಾಕಿಕೊಳ್ಳುತ್ತಿದ್ದ ಕಾಲವೊಂದಿತ್ತು. ಅಚ್ಚು ಕಿರುಗುಟ್ಟಿದಾಗ ಗಾಡಿ ನಿಲ್ಲಿಸಿ ಅದನ್ನು ಹಚ್ಚಿದರೆ ಮುಗಿಯಿತು. ಯಾವ ಎಣ್ಣೆ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಅದೇ ಮನೆಗಳ ಮುಂದೆ ಇಂದು ಕಾರು ನಿಂತಿದೆ. ಅದನ್ನು ದುರಸ್ತಿಗೆ ಒಯ್ದಾಗ ಮೆಕಾನಿಕ್ಕನು, "ಮಾಮೂಲಿ ಆಯಿಲ್ ಹಾಕಲೋ, ಸಿಂಥೆಟಿಕ್ ಹಾಕಲೋ?" ಎಂದು ಕೇಳುತ್ತಾನೆ. ಎರಡನೆಯದರ ಬೆಲೆ ಸಾಮಾನ್ಯವಾಗಿ ಮೊದಲನೆಯದರ ಎರಡರಷ್ಟು. ಹೆಚ್ಚು ಕೊಟ್ಟ ಹಣಕ್ಕೆ ದೊರೆಯುವುದೇನು ಎಂಬುದನ್ನು ವಿಚಾರ ಮಾಡಿ ನೋಡೋಣ.

ಎಂಜಿನ್ನಿನೊಳಗೆ ಕ್ರ್ಯಾಂಕ್ ದಂಡವು ಬೇರಿಂಗುಗಳಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಲೋಹವು ಲೋಹವನ್ನು ನೇರವಾಗಿ ಉಜ್ಜಿದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ನು ಹಿಡಿದುಕೊಳ್ಳುವುದು. ಹಾಗಾಗದಿರಲು ಕಾರಣವನ್ನು 1883ರಲ್ಲಿ ಬ್ಯೂಷಾಂ ಟವರ್ ಎಂಬ ಆಂಗ್ಲ ಎಂಜಿನಿಯರನು ಪ್ರಯೋಗದಿಂದ ಕಂಡನು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸನು ಅದಕ್ಕೆ ಗಣಿತದ ತಳಹದಿಯನ್ನು ಒದಗಿಸಿದನು. ತಿರುಗುವ ದಂಡವು ಎಣ್ಣೆಯನ್ನು ತನ್ನೊಡನೆ ಎಳೆದುಕೊಂಡು ಕಿರಿದಾದ ಸಂದಿಗೆ ಬೆಣೆಯಂತೆ ನುಗ್ಗಿಸುತ್ತದೆ. ಈ ಎಣ್ಣೆಯ ಬೆಣೆಯೇ ಒತ್ತಡವನ್ನು ಪಡೆದು ದಂಡವನ್ನು ಮೇಲೆತ್ತಿ ಹಿಡಿಯುತ್ತದೆ. ಮಿಲಿಮೀಟರಿನ ಕೆಲವು ಸಾವಿರದ ಒಂದು ಭಾಗದಷ್ಟು ತೆಳುವಾದ ಪೊರೆಯ ಮೇಲೆ ದಂಡವು ತೇಲುತ್ತಿರುತ್ತದೆ ಎಂದರೆ ತಪ್ಪಾಗದು. ಬೇರಿಂಗಿನ ಮಿಶ್ರಲೋಹ ಎಷ್ಟೇ ಉತ್ತಮವಾಗಿರಲಿ (ನಾಗಮಂಗಲದ ಕಂಚಿನ ಎರಕದವರಿಗೆ ಮಿಶ್ರಲೋಹದ ಮರ್ಮವನ್ನು ನಾವು ಹೇಳಬೇಕಾಗಿಲ್ಲ), ಈ ಪೊರೆ ಹರಿದರೆ ಅದು ಉಳಿಯದು.

ಪೊರೆಯ ಬಲವು ಎಣ್ಣೆಯ ಸ್ನಿಗ್ಧತೆಯನ್ನು, ಎಂದರೆ ಹರಿಯುವಿಕೆಗೆ ಅದು ಒಡ್ಡುವ ಅಡ್ಡಿಯನ್ನು, ಅವಲಂಬಿಸಿದೆ. ನಮ್ಮ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಉದ್ದನೆಯ ಗಾಜಿನ ಕೊಳವೆಗೆ ಹರಳೆಣ್ಣೆ ತುಂಬಿ, ಉಕ್ಕಿನ ಸಣ್ಣ ಗುಂಡುಗಳನ್ನು ಬಿಟ್ಟು, ಅವು ಇಳಿಯುವ ಕಾಲವನ್ನು ಅಳೆಯುತ್ತಾರೆ. ಸ್ಟೋಕ್ಸನ ನಿಯಮದಿಂದ ಸ್ನಿಗ್ಧತೆಯನ್ನು ಲೆಕ್ಕ ಹಾಕುವ ಪ್ರಯೋಗವಿದು. ಅದೇ ಕೊಳವೆಯನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ಗುಂಡು ಸರಸರನೆ ಇಳಿಯುವುದನ್ನು ವಾಚಕರೂ ನೋಡಬಹುದು. ಎಣ್ಣೆಗಳ ಬಹುದೊಡ್ಡ ದೋಷ ಇದೇ: ತಣ್ಣಗಿರುವಾಗ ಅಗತ್ಯಕ್ಕಿಂತ ಮಂದ, ಕಾದಾಗ ಅಗತ್ಯಕ್ಕಿಂತ ತೆಳು.

ಡಬ್ಬಿಯ ಮೇಲಿನ 15ಡಬ್ಲ್ಯೂ-40, 5ಡಬ್ಲ್ಯೂ-30 ಎಂಬ ಸಂಖ್ಯೆಗಳು ಹೇಳುವುದು ಇದನ್ನೇ. ಡಬ್ಲ್ಯೂ ಎಂದರೆ ಚಳಿಗಾಲದ ಗುರುತು. ಅದರ ಹಿಂದಿನ ಅಂಕಿ ಕಡಿಮೆಯಾದಷ್ಟೂ ಕಡುಚಳಿಯಲ್ಲಿ ಎಣ್ಣೆ ಸುಲಭವಾಗಿ ಹರಿಯುತ್ತದೆ. ಕೊನೆಯ ಅಂಕಿಯು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಉಳಿಯುವ ಸ್ನಿಗ್ಧತೆಯ ಅಳತೆ. ಈ ಸಂಖ್ಯೆಗಳು ಎಣ್ಣೆಯ ಹುಟ್ಟನ್ನು ತಿಳಿಸುವುದಿಲ್ಲವೆಂಬುದನ್ನು ಗಮನಿಸಬೇಕು.

ಹುಟ್ಟಿನ ವಿಷಯಕ್ಕೆ ಬರೋಣ. ಮುಂಬಯಿ, ಹಲ್ದಿಯಾ, ಚೆನ್ನೈಗಳ ಶುದ್ಧೀಕರಣ ಕಾರ್ಖಾನೆಗಳಲ್ಲಿ ಕಚ್ಚಾ ತೈಲದ ಭಾರವಾದ ಭಾಗದಿಂದ ಮೇಣವನ್ನೂ ಗಂಧಕವನ್ನೂ ತೆಗೆದು ಮಾಮೂಲಿ ಖನಿಜ ಎಣ್ಣೆಯನ್ನು ಪಡೆಯುತ್ತಾರೆ. ಎಷ್ಟು ಸೋಸಿದರೂ ಅದು ನಾನಾ ಗಾತ್ರದ, ನಾನಾ ಆಕಾರದ ಅಣುಗಳ ಸಂತೆ. ಚಿಕ್ಕವು ಬೇಗ ಆವಿಯಾಗುತ್ತವೆ, ಕೆಲವು ಬೇಗ ಆಮ್ಲಜನಕದೊಡನೆ ಸೇರಿ ಜಿಗುಟಾಗುತ್ತವೆ, ಉಳಿದ ಮೇಣ ಚಳಿಗೆ ಹೆಪ್ಪುಗಟ್ಟುತ್ತದೆ. ಸಂಶ್ಲೇಷಿತ ಎಣ್ಣೆಯ ಅಣುಗಳನ್ನಾದರೋ ಕಟ್ಟುವುದೇ ಬೇರೆ ಬಗೆ. ಎಥಿಲೀನ್ ಅನಿಲದಿಂದ ಹತ್ತು ಇಂಗಾಲ ಪರಮಾಣುಗಳುಳ್ಳ ಡೆಸೀನನ್ನು ಮಾಡಿ, ಅದರ ಮೂರು-ನಾಲ್ಕು ಅಣುಗಳನ್ನು ಬೆಸೆಯುತ್ತಾರೆ. ಹೀಗೆ ದೊರೆತ ಅಣುಗಳು ಬಹುಮಟ್ಟಿಗೆ ಒಂದೇ ತೆರನಾದವು; ಮೇಣದ ಸೋಂಕಿಲ್ಲ, ಶಾಖಕ್ಕೆ ಸ್ನಿಗ್ಧತೆ ಕುಗ್ಗುವುದೂ ಕಡಿಮೆ.

ಆದರೆ ಮಾರುಕಟ್ಟೆಯ ಮಾತು ಇಷ್ಟು ಸರಳವಲ್ಲ. ಖನಿಜ ಎಣ್ಣೆಯನ್ನೇ ಅಧಿಕ ಒತ್ತಡದಲ್ಲಿ ಜಲಜನಕದೊಡನೆ ವರ್ತಿಸುವಂತೆ ಮಾಡಿ, ಅದರ ಅಣುಗಳನ್ನು ಒಡೆದು ತಿದ್ದಿದರೆ ಸಂಶ್ಲೇಷಿತದ ಸಮೀಪಕ್ಕೆ ಬರುವ ಎಣ್ಣೆ ಸಿಗುತ್ತದೆ. ಇದನ್ನು ಸಂಶ್ಲೇಷಿತವೆಂದು ಕರೆಯಬಹುದೆ ಎಂಬ ವಿವಾದವು ಅಮೆರಿಕದ ಜಾಹೀರಾತು ವಿಚಾರಣಾ ಮಂಡಲಿಯ ಮುಂದೆ ಬಂದು, 1999ರಲ್ಲಿ ಕರೆಯಬಹುದೆಂದೇ ತೀರ್ಮಾನವಾಯಿತು. ಆದುದರಿಂದ ಇಂದು ಆ ಹೆಸರಿನ ಡಬ್ಬಿಗಳಲ್ಲಿ ಎಷ್ಟೋ ಇಂಥವೇ. ಇದು ಮೋಸವೆಂದು ನಾವು ಭಾವಿಸುವುದಿಲ್ಲ. ಗುಣವು ಚೆನ್ನಾಗಿಯೇ ಇದೆ. 'ಅರೆ ಸಂಶ್ಲೇಷಿತ' ಎಂಬುದರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಎಷ್ಟು ಪಾಲು ಬೆರಸಿದೆಯೆಂಬುದನ್ನು ಆ ಹೆಸರು ಹೇಳುವುದಿಲ್ಲ.

ಇನ್ನು ನಮ್ಮ ಸೀಮೆಯ ಸ್ಥಿತಿ. 15ಡಬ್ಲ್ಯೂ ಎಣ್ಣೆಯನ್ನು ಸೊನ್ನೆಗಿಂತ 25 ಡಿಗ್ರಿ ಕೆಳಗೂ, 5ಡಬ್ಲ್ಯೂ ಎಣ್ಣೆಯನ್ನು 35 ಡಿಗ್ರಿ ಕೆಳಗೂ ಎಂಜಿನ್ನಿನ ಪಂಪು ಎಳೆಯಬಲ್ಲದು. ಪಾಂಡವಪುರದಲ್ಲಿ ಜನವರಿಯ ಬೆಳಗಿನ ಜಾವವೂ ಸೊನ್ನೆಗಿಂತ 10 ಡಿಗ್ರಿ ಮೇಲಕ್ಕೇ ನಿಲ್ಲುವುದು ವಾಡಿಕೆ. ಚಳಿಯಲ್ಲಿ ಎಂಜಿನ್ನನ್ನು ರಕ್ಷಿಸುತ್ತದೆಂಬ ಗುಣಕ್ಕಾಗಿ ಇಲ್ಲಿ ಯಾರೂ ಹಣ ಸುರಿಯಬೇಕಾಗಿಲ್ಲ.

ಶಾಖದ ಮಾತು ಬೇರೆ. ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಎಣ್ಣೆ ಕೆಡುವ ವೇಗ ಸುಮಾರಾಗಿ ಇಮ್ಮಡಿಸುತ್ತದೆ. ಎಂದರೆ 100ರಲ್ಲಿ ಕೆಡುವುದಕ್ಕಿಂತ 120ರಲ್ಲಿ ನಾಲ್ಕು ಪಟ್ಟು ಬೇಗ. ಬೆಂಗಳೂರು–ಮೈಸೂರು ದಶಪಥದಲ್ಲಿ, 2023ರಲ್ಲಿ ಉದ್ಘಾಟನೆಯಾದ ರಸ್ತೆಯದು, ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಂದ ಟರ್ಬೊ ಕಾರನ್ನು ಊಹಿಸಿ. ಅದರ ಟರ್ಬೊ ದಂಡವು ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತುತ್ತದೆ, ನಿಗಿನಿಗಿ ಕಾದಿರುತ್ತದೆ. ಶ್ರೀರಂಗಪಟ್ಟಣದ ಕಡೆಗೆ ಇಳಿದು ಹೋಟೆಲಿನ ಮುಂದೆ ತಟ್ಟನೆ ಎಂಜಿನ್ನು ಆರಿಸಿದರೆ ಹರಿವು ನಿಂತು, ಅಲ್ಲಿ ಸಿಕ್ಕ ಎಣ್ಣೆ ಇದ್ದಿಲಾಗತೊಡಗುತ್ತದೆ. ಇಂಥ ಕಾರಿಗೆ ಸಂಶ್ಲೇಷಿತವನ್ನೇ ಹಾಕಬೇಕೆಂಬುದು ನಮ್ಮ ಅಭಿಪ್ರಾಯ. ನಿಲ್ಲಿಸಿದ ಮೇಲೆ ಒಂದು ನಿಮಿಷ ಎಂಜಿನ್ನನ್ನು ಸುಮ್ಮನೆ ಓಡಗೊಡುವುದೂ ಒಳ್ಳೆಯದು, ಅದಕ್ಕೆ ಹೆಚ್ಚಿನ ಖರ್ಚಿಲ್ಲ.

ಹಣದ ಲೆಕ್ಕವನ್ನೂ ನೋಡಿಬಿಡೋಣ. ಎಂಜಿನ್ನಿಗೆ ಮೂರೂವರೆ ಲೀಟರು. ಮಾಮೂಲಿಗೆ ಲೀಟರಿಗೆ 400 ರೂಪಾಯಿ, ಸಂಶ್ಲೇಷಿತಕ್ಕೆ 800 ಎಂದು ಹಿಡಿಯೋಣ. ಪ್ರತಿ ಬದಲಾವಣೆಗೆ 1,400 ರೂಪಾಯಿ ಹೆಚ್ಚು. ತಯಾರಕರ ಕೈಪಿಡಿಯು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಎನ್ನುತ್ತದೆಂದುಕೊಳ್ಳಿ. ವರ್ಷಕ್ಕೆ 4,000 ಕಿ.ಮೀ. ಓಡಿಸುವ ಕೃಷ್ಣರಾಜಪೇಟೆಯ ಗೃಹಸ್ಥನು ಎಣ್ಣೆ ಯಾವುದಾದರೂ ವರ್ಷಕ್ಕೊಮ್ಮೆ ಬದಲಿಸಲೇಬೇಕು. ಅವನಿಗೆ ಕಿಲೊಮೀಟರಿಗೆ 35 ಪೈಸೆ ಹೆಚ್ಚು ಬೀಳುತ್ತದೆ. 40,000 ಕಿ.ಮೀ. ಓಡಿಸುವ ಬಾಡಿಗೆ ಕಾರಿನವನಿಗೆ ನಾಲ್ಕು ಬದಲಾವಣೆಗಳಾದರೂ ಹೆಚ್ಚಳ 14 ಪೈಸೆ ಮಾತ್ರ. ತೆಳುವಾದ ಎಣ್ಣೆಯಿಂದ ಪೆಟ್ರೋಲು ನೂರಕ್ಕೆ ಒಂದರಷ್ಟು ಉಳಿದರೆ, ಲೀಟರಿಗೆ 15 ಕಿ.ಮೀ., ಬೆಲೆ 100 ರೂಪಾಯಿ ಎಂಬ ಲೆಕ್ಕದಲ್ಲಿ, ಕಿಲೊಮೀಟರಿಗೆ ಸುಮಾರು 7 ಪೈಸೆ ಮರಳಿ ಬರುತ್ತದೆ. ಮೊದಲನೆಯವನ ಕಾರು ಹಳೆಯ, ಟರ್ಬೊ ಇಲ್ಲದ ಪೆಟ್ರೋಲು ಕಾರಾಗಿದ್ದು ಕೈಪಿಡಿ ಒಪ್ಪಿದರೆ ಮಾಮೂಲಿ ಎಣ್ಣೆಯೇ ಸಾಕು.

ಆ ಗೃಹಸ್ಥನು ಗಮನಿಸಬೇಕಾದ ಬೇರೊಂದು ಸಂಗತಿಯುಂಟು. ಒಂದು ಲೀಟರು ಪೆಟ್ರೋಲು ಉರಿದಾಗ ಹೆಚ್ಚುಕಡಮೆ ಒಂದು ಲೀಟರು ನೀರು ಉಂಟಾಗುತ್ತದೆ. ಬಹುಭಾಗ ಆವಿಯಾಗಿ ಹೊಗೆಕೊಳವೆಯಿಂದ ಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ನಿನ ಉಂಗುರಗಳನ್ನು ದಾಟಿ ಎಣ್ಣೆಗೆ ಸೇರುತ್ತದೆ. ಮನೆಯಿಂದ ಸಂತೆಗೆ, ಸಂತೆಯಿಂದ ಮನೆಗೆ ಎಂದು ಎರಡೆರಡು ಕಿ.ಮೀ. ಓಡುವ ಕಾರಿನ ಎಣ್ಣೆ ಎಂದೂ ಸಾಕಷ್ಟು ಕಾಯುವುದಿಲ್ಲವಾಗಿ ಆ ನೀರು ಅಲ್ಲೇ ಉಳಿದು ಕೆಸರಾಗುತ್ತದೆ. ಇದಕ್ಕೆ ಕಾಲಕ್ಕೆ ಸರಿಯಾಗಿ ಎಣ್ಣೆ ಬದಲಿಸುವುದೇ ಮದ್ದು. ದುಬಾರಿ ಎಣ್ಣೆಯನ್ನು ಎರಡು ವರ್ಷ ಬಿಡುವುದಕ್ಕಿಂತ ಅಗ್ಗದ ಎಣ್ಣೆಯನ್ನು ವರ್ಷಕ್ಕೊಮ್ಮೆ ಬದಲಿಸುವುದು ಮೇಲು.

ಹಳೆಯ ಅಂಬಾಸಡರುಗಳನ್ನು ಇಟ್ಟುಕೊಂಡವರು ತೆಳುವಾದ 0ಡಬ್ಲ್ಯೂ-20ರ ಗೊಡವೆಗೆ ಹೋಗಬಾರದು. ಸವೆದ ಸಂದಿಗಳಿಗೆ 20ಡಬ್ಲ್ಯೂ-50ರಂಥ ಮಂದ ಎಣ್ಣೆಯೇ ತಕ್ಕುದು. 2020ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಹಂತ ಆರರ ಡೀಸೆಲ್ ಕಾರುಗಳದು ಇನ್ನೊಂದು ಕಥೆ. ಅವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಶೋಧಕವಿದೆ. ಮಸಿಯನ್ನು ಅದು ಆಗಾಗ್ಗೆ ಸುಟ್ಟುಕೊಳ್ಳುತ್ತದೆ. ಎಣ್ಣೆಯ ಸೇರ್ಪಡೆಗಳಿಂದ ಬರುವ ಬೂದಿಯನ್ನು ಸುಡಲಾರದು. ಬೂದಿ ತುಂಬಿ ಶೋಧಕ ಕಟ್ಟಿದರೆ ಅದನ್ನು ಬದಲಿಸುವ ವೆಚ್ಚದ ಮುಂದೆ ಎಣ್ಣೆಯಲ್ಲಿ ಉಳಿಸಿದ ಹಣ ಯಾವ ಲೆಕ್ಕಕ್ಕೂ ಇಲ್ಲ. ಇಲ್ಲಿ 'ಕಡಿಮೆ ಬೂದಿ'ಯ ದರ್ಜೆ ಕೈಪಿಡಿಯಲ್ಲಿ ಹೇಳಿದಂತೆಯೇ ಇರಬೇಕು.

ಒಮ್ಮೆ ಸಂಶ್ಲೇಷಿತ ಹಾಕಿದರೆ ಮತ್ತೆ ಮಾಮೂಲಿಗೆ ಮರಳುವಂತಿಲ್ಲವೆಂಬ ನಂಬಿಕೆಗೆ ಆಧಾರವಿಲ್ಲ. ಇಂದಿನ ಕಾರಿನ ಎಣ್ಣೆಗಳು ಒಂದರೊಡನೊಂದು ಬೆರೆಯಬಲ್ಲವು. ಬದಲಿಸಿದ ಮೇಲೆ ಉಳಿಯುವ ಕಪ್ಪು ಎಣ್ಣೆಯನ್ನು ಮಾತ್ರ ವಿಶ್ವೇಶ್ವರಯ್ಯ ನಾಲೆಗೋ ಕೆರೆಯ ಅಂಗಳಕ್ಕೋ ಚೆಲ್ಲಬಾರದು. ಅದರಲ್ಲಿ ಸವೆದ ಲೋಹದ ಕಣಗಳೂ ಅರೆಸುಟ್ಟ ಇಂಧನದ ವಿಷಗಳೂ ಇರುತ್ತವೆ. ನೀರಿನ ಮೇಲೆ ಅದು ಬಲು ತೆಳುವಾಗಿ ಬಹುದೂರ ಹರಡಿಕೊಳ್ಳುತ್ತದೆ. ಡಬ್ಬಿಯಲ್ಲಿ ಹಿಡಿದು, ಹಳೆಯ ಎಣ್ಣೆಯನ್ನು ಮರುಶುದ್ಧೀಕರಣಕ್ಕೆ ಕಳುಹಿಸುವ ಕಾರ್ಯಾಗಾರಕ್ಕೆ ಕೊಟ್ಟರೆ ಅದರಿಂದ ಮತ್ತೆ ಎಣ್ಣೆಯನ್ನೇ ಪಡೆಯುತ್ತಾರೆ.