ಜಪಾನಿನ ಚಿತ್ರಕರ್ತೆ ಯಾಯೋಯಿ ಕುಸಾಮಾ

ಪಾಠದ ವೇಳೆಯಲ್ಲಿ ಪುಸ್ತಕದ ಅಂಚಿಗೆ ಚುಕ್ಕೆಗಳನ್ನಿಡುತ್ತ ಕುಳಿತ ಹುಡುಗಿಯನ್ನು ಗದರಿಸದ ಉಪಾಧ್ಯಾಯಿನಿಯರು ವಿರಳ. ಅಂಥ ಚುಕ್ಕೆಗಳಿಂದಲೇ ಲೋಕವಿಖ್ಯಾತಳಾದ ಒಬ್ಬ ಸ್ತ್ರೀಯ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಮಕ್ಕಳ ತಂದೆತಾಯಿಗಳ ಮುಂದೆ ಇಡಲಿಚ್ಛಿಸುತ್ತೇವೆ. ಆಕೆಯ ಹೆಸರು ಯಾಯೋಯಿ ಕುಸಾಮಾ.

ಈಕೆಯು 1929ನೆಯ ಮಾರ್ಚ್ 22ರಂದು ಜಪಾನಿನ ನಾಗಾನೋ ಪ್ರಾಂತದ ಮಾತ್ಸುಮೊತೊ ಎಂಬ ಬೆಟ್ಟಸೀಮೆಯ ಪಟ್ಟಣದಲ್ಲಿ ಹುಟ್ಟಿದಳು. ಮನೆಯವರು ಬೀಜಗಳನ್ನೂ ಸಸಿಗಳನ್ನೂ ಮಾರುವ ಸ್ಥಿತಿವಂತರು; ನಾಲ್ವರು ಮಕ್ಕಳಲ್ಲಿ ಈಕೆಯೇ ಕಿರಿಯಳು. ಸುಮಾರು ಹತ್ತು ವರುಷ ಪ್ರಾಯದಲ್ಲಿ ಆಕೆಗೆ ಒಂದು ವಿಚಿತ್ರವಾದ ಬಾಧೆಯು ಆರಂಭವಾಯಿತು. ಹೊಲದ ಹೂವುಗಳು ತನ್ನೊಡನೆ ಮಾತಾಡುವಂತೆ ಕೇಳಿಸುವದು. ಮೇಜಿನ ಹಾಸಿನ ಮೇಲಿನ ಕೆಂಪು ಹೂವುಗಳು ಗೋಡೆಗೂ ಮಾಳಿಗೆಗೂ ಕಡೆಗೆ ತನ್ನ ಮೈಗೂ ಹಬ್ಬಿ, ತಾನೇ ಅವುಗಳೊಳಗೆ ಕರಗಿಹೋಗುವಂತೆ ತೋರುವದು. ಮಗುವು ಹೆದರಿ ಓಡಿ, ಕಂಡದ್ದನ್ನು ಕೂಡಲೆ ಕಾಗದದ ಮೇಲೆ ಬರೆಯುವದು. ಬರೆದಾಗ ಹೆದರಿಕೆಯು ತಗ್ಗುವದು. ಹೀಗೆ ಚಿತ್ರವು ಆಕೆಗೆ ಆಟವಾಗಿರದೆ ಔಷಧವಾಗಿತ್ತು.

ತಾಯಿಯು ಇದನ್ನು ಅರಿಯಲಿಲ್ಲ. ಮಗಳು ನಯವಿನಯಗಳನ್ನು ಕಲಿತು ಸಿರಿವಂತರ ಮನೆಗೆ ಸೊಸೆಯಾಗಬೇಕೆಂಬುದೇ ಆಕೆಯ ಇಚ್ಛೆ. ಚಿತ್ರಗಳನ್ನು ಕಸಕೊಂಡು ಹರಿದುಬಿಡುತ್ತಿದ್ದಳೆಂದೂ, ಆದುದರಿಂದ ತಾನು ಅವಸರವಾಗಿ ಬರೆಯುವದನ್ನು ರೂಢಿಸಿಕೊಂಡೆನೆಂದೂ ಕುಸಾಮಾ ಹೇಳಿರುತ್ತಾಳೆ. ಯುದ್ಧದ ಕಾಲದಲ್ಲಿ ಶಾಲೆಯ ಹುಡುಗಿಯರನ್ನು ಕಾರ್ಖಾನೆಗಳಿಗೆ ಕಳುಹಿಸಿದಾಗ ಈಕೆಯು ಪ್ಯಾರಾಶೂಟುಗಳ ಬಟ್ಟೆಯನ್ನು ಹೊಲಿದಳು. ಈ ಹೊಲಿಗೆಯು ಮುಂದೆ ಎಲ್ಲಿ ಉಪಯೋಗಕ್ಕೆ ಬಂತೆಂಬುದನ್ನು ವಾಚಕರು ಕಾಣುವರು.

1948ರಲ್ಲಿ ಆಕೆಯು ಕ್ಯೋತೋ ನಗರಕ್ಕೆ ಹೋಗಿ ನಿಹೋಂಗ ಎಂಬ ಪರಂಪರೆಯ ಜಪಾನೀ ಚಿತ್ರವಿದ್ಯೆಯನ್ನು ಅಭ್ಯಸಿಸಿದಳು. ಅಲ್ಲಿಯ ಕಟ್ಟುಪಾಡುಗಳು ಆಕೆಗೆ ಹಿಡಿಸಲಿಲ್ಲ. ಅಮೇರಿಕದ ಪ್ರಖ್ಯಾತ ಚಿತ್ರಕರ್ತೆ ಜಾರ್ಜಿಯಾ ಓಕೀಫಳ ಚಿತ್ರಗಳನ್ನು ಪುಸ್ತಕವೊಂದರಲ್ಲಿ ಕಂಡು, 1955ರಲ್ಲಿ ಆಕೆಗೆ ಪತ್ರ ಬರೆದು ಬುದ್ಧಿ ಕೇಳಿದಳು. ಗುರುತು ಪರಿಚಯವಿಲ್ಲದ ಹುಡುಗಿಗೆ ಆ ಹಿರಿಯಳು ಉತ್ತರ ಬರೆದಳು. ಆ ಧೈರ್ಯದಿಂದ ಕುಸಾಮಾ 1957ರಲ್ಲಿ, ತನ್ನ 28ನೆಯ ವಯಸ್ಸಿನಲ್ಲಿ, ಅಮೇರಿಕಕ್ಕೆ ಹೊರಟಳು. ಮರುವರುಷ ನ್ಯೂಯಾರ್ಕಿಗೆ ಬಂದಳು.

ಅಲ್ಲಿ ಚಳಿಯೂ ಹಸಿವೂ ಜೊತೆಯಾಗಿದ್ದವು. ಆದರೂ ಹಗಲಿರುಳು ನಿಂತು ದೊಡ್ಡ ದೊಡ್ಡ ಬಟ್ಟೆಗಳ ಮೇಲೆ ಬಣ್ಣದ ಚಿಕ್ಕ ಚಿಕ್ಕ ಕಮಾನುಗಳನ್ನು ಒಂದಕ್ಕೊಂದು ತಗಲಿಸಿ ಬಲೆಯಂತೆ ಬರೆದಳು. ಕೆಲವು ಚಿತ್ರಗಳು 30 ಅಡಿಗೂ ಹೆಚ್ಚು ಉದ್ದವಾದವು. ಅವುಗಳಲ್ಲಿ ನಡುವಿಲ್ಲ, ಅಂಚಿಲ್ಲ. ನೋಡುವವನ ಕಣ್ಣು ಎಲ್ಲಿಯೂ ನಿಲ್ಲದೆ ಅಲೆಯುವದು. ಇವಕ್ಕೆ ‘ಅನಂತದ ಬಲೆಗಳು’ ಎಂದು ಹೆಸರಾಯಿತು. 1959ರಲ್ಲಿ ಇವುಗಳನ್ನು ಪ್ರದರ್ಶಿಸಿದಾಗ ಡೊನಾಲ್ಡ್ ಜಡ್ ಎಂಬ ವಿಮರ್ಶಕನು ಮೆಚ್ಚಿ ಬರೆದನು.

ಆ ದಿನಗಳಲ್ಲಿ ಪಾಪ್ ಕಲೆಯೆಂಬುದು ತಲೆಯೆತ್ತುತ್ತಿತ್ತು. ಅಂಗಡಿಯ ಡಬ್ಬಿ, ಜಾಹೀರಾತು, ಸಿನೆಮಾ ನಟಿಯ ಮುಖ ಮುಂತಾದ ನಿತ್ಯದ ವಸ್ತುಗಳನ್ನು ಮತ್ತೆ ಮತ್ತೆ ತೋರಿಸುವದು ಅದರ ರೀತಿ. ಕುಸಾಮಾಳು ಈ ಕಲೆಗಾರರ ಸಂಗಡ ಪ್ರದರ್ಶಿಸಿದಳಾದರೂ ಆಕೆಯ ಪುನರಾವೃತ್ತಿಯು ಪೇಟೆಯಿಂದ ಬಂದದ್ದಲ್ಲ, ಬಾಲ್ಯದ ಭಯದಿಂದ ಬಂದದ್ದು. 1962ರಲ್ಲಿ ಬಟ್ಟೆಯನ್ನು ಹೊಲಿದು, ಒಳಗೆ ತುಂಬಿ, ಅಂಥ ನೂರಾರು ಮೃದುವಾದ ಆಕೃತಿಗಳಿಂದ ಒಂದು ಆರಾಮಕುರ್ಚಿಯನ್ನು ಮುಚ್ಚಿದಳು. ಮರುವರುಷ ಒಂದು ದೋಣಿಯನ್ನು ಹಾಗೆಯೇ ಮುಚ್ಚಿ, ಅದರ ಛಾಯಾಚಿತ್ರವನ್ನು 999 ಸಾರಿ ಅಚ್ಚು ಮಾಡಿಸಿ ಕೋಣೆಗೆಲ್ಲ ಅಂಟಿಸಿದಳು. ಕೆಲವು ವರುಷಗಳ ತರುವಾಯ ಆಂಡಿ ವಾರ್ಹೋಲನು ಗೋಡೆಗೆಲ್ಲ ಹಸುವಿನ ಮುಖಗಳನ್ನು ಅಂಟಿಸಿದಾಗ, ತನ್ನ ಯೋಚನೆಯನ್ನೇ ಅವನು ಎತ್ತಿಕೊಂಡನೆಂದು ಆಕೆಯು ದುಃಖಪಟ್ಟಳು.

ಕೈಯಿಂದ ಎಷ್ಟು ಹೊಲಿದರೂ ಅನಂತವನ್ನು ಮುಟ್ಟಲಾದೀತೇ? 1965ರಲ್ಲಿ ಆಕೆಯು ಇದಕ್ಕೆ ಉಪಾಯವನ್ನು ಕಂಡಳು. ಕೆಂಪು ಚುಕ್ಕೆಗಳುಳ್ಳ ಬಟ್ಟೆಯ ಆಕೃತಿಗಳನ್ನು ಒಂದು ಕೋಣೆಯ ನೆಲದ ಮೇಲೆ ಹರಡಿ, ಗೋಡೆಗಳಿಗೆ ಕನ್ನಡಿಗಳನ್ನು ನಿಲ್ಲಿಸಿದಳು. ಎದುರುಬದುರಾದ ಕನ್ನಡಿಗಳು ಒಂದರ ಬಿಂಬವನ್ನು ಇನ್ನೊಂದಕ್ಕೆ ಕೊಡುತ್ತ ಹೋಗುವದರಿಂದ ಸಣ್ಣ ಕೋಣೆಯು ಕೊನೆಯಿಲ್ಲದ ಬಯಲಾಗುವದು. ಒಳಹೊಕ್ಕವನೂ ಅದರಲ್ಲಿ ಒಂದು ಚುಕ್ಕೆಯಾಗುವನು. ಮಗುವಾಗಿದ್ದಾಗ ತಾನೊಬ್ಬಳೇ ಕಂಡದ್ದನ್ನು ಹೀಗೆ ಆಕೆಯು ಎಲ್ಲರಿಗೂ ಕಾಣಿಸಿದಳು.

1966ರಲ್ಲಿ ವೆನಿಸ್ ನಗರದ ಮಹಾಪ್ರದರ್ಶನಕ್ಕೆ ಅಧಿಕೃತ ಆಮಂತ್ರಣವಿಲ್ಲದೆ ಹೋಗಿ, ಹುಲ್ಲಿನ ಮೇಲೆ 1,500 ಹೊಳೆಯುವ ಗೋಲಗಳನ್ನು ಹರಡಿ, ಒಂದೊಂದನ್ನು ಎರಡು ಡಾಲರುಗಳಿಗೆ ಮಾರತೊಡಗಿದಳು, ಅಧಿಕಾರಿಗಳು ತಡೆದರು. ತರುವಾಯ ಯುದ್ಧವಿರೋಧದ ಹೆಸರಿನಲ್ಲಿ ಬೀದಿಗಳಲ್ಲಿ ಏರ್ಪಡಿಸಿದ ವಿವಸ್ತ್ರ ಪ್ರದರ್ಶನಗಳಿಂದ ಸ್ವದೇಶದಲ್ಲಿಯೂ ಅಪಕೀರ್ತಿಯು ಹಬ್ಬಿತು. ನಾವು ಇದನ್ನು ಹೊಗಳಲು ಹೋಗುವದಿಲ್ಲ, ಮರೆಮಾಚುವದೂ ಇಲ್ಲ.

1973ರಲ್ಲಿ ಆಕೆಯು ಆರೋಗ್ಯ ಕೆಟ್ಟು ಜಪಾನಿಗೆ ಹಿಂದಿರುಗಿದಳು. 1977ರಲ್ಲಿ ತಾನಾಗಿಯೇ ತೋಕ್ಯೋದ ಮನೋರೋಗ ಚಿಕಿತ್ಸಾಲಯವನ್ನು ಸೇರಿ ಅದನ್ನೇ ನಿವಾಸವಾಗಿ ಮಾಡಿಕೊಂಡಳು. ಹಲವರು ಆಕೆಯ ಕಥೆಯು ಮುಗಿಯಿತೆಂದುಕೊಂಡರು. ಆಕೆಯಾದರೋ ಸಮೀಪದಲ್ಲಿ ಚಿತ್ರಶಾಲೆಯನ್ನಿಟ್ಟುಕೊಂಡು ದಿನಾಲು ಅಲ್ಲಿಗೆ ಹೋಗಿ ದುಡಿದಳು, ಕಾದಂಬರಿಗಳನ್ನೂ ಬರೆದಳು. 1989ರಲ್ಲಿ ನ್ಯೂಯಾರ್ಕಿನಲ್ಲಿ ಆಕೆಯ ಕೃತಿಗಳ ಪ್ರದರ್ಶನವಾದಾಗ ಮರೆತವರು ಪುನಃ ನೆನಸಿದರು. 1993ರಲ್ಲಿ, ಹಿಂದೆ ತಡೆದಿದ್ದ ಅದೇ ವೆನಿಸ್ಸಿಗೆ, ಜಪಾನಿನ ಅಧಿಕೃತ ಪ್ರತಿನಿಧಿಯಾಗಿ ಹೋದಳು. ನಾವೋಶಿಮಾ ದ್ವೀಪದ ಕಡಲಂಚಿನಲ್ಲಿ 1994ರಲ್ಲಿ ನಿಲ್ಲಿಸಿದ, ಕಪ್ಪು ಚುಕ್ಕೆಗಳ ಹಳದಿ ಕುಂಬಳಕಾಯಿಯನ್ನು 2021ರ ಬಿರುಗಾಳಿಯು ಸಮುದ್ರಕ್ಕೆ ಎಳೆದೊಯ್ದು ಕೆಡಿಸಿತು. 2022ರಲ್ಲಿ ಹೊಸದನ್ನು ಮಾಡಿ ನಿಲ್ಲಿಸಿದರು. 2016ರಲ್ಲಿ ಆಕೆಗೆ ಜಪಾನಿನ ಸಂಸ್ಕೃತಿ ಪದಕವು ದೊರೆಯಿತು. ಚಿತ್ರಗಳನ್ನು ಹರಿದ ಆ ಮಾತ್ಸುಮೊತೊ ಪಟ್ಟಣದಲ್ಲಿಯೇ 2002ರಲ್ಲಿ ಕಲಾಸಂಗ್ರಹಾಲಯವು ತೆರೆದಾಗ, ಅದರ ಬಾಗಿಲಲ್ಲಿ ಅತಿಥಿಗಳನ್ನು ಎದುರುಗೊಂಡವು ಈಕೆಯು ರಚಿಸಿದ ಬೃಹತ್ತಾದ ಹೂವುಗಳು.

ರೋಗವೇ ಆಕೆಯನ್ನು ದೊಡ್ಡವಳನ್ನಾಗಿ ಮಾಡಿತೆಂದು ಯಾರೂ ತಿಳಿಯಬಾರದು. ರೋಗವು ಆಕೆಗೆ ಕೊಟ್ಟದ್ದು ಭಯವನ್ನು. ವೈದ್ಯರ ಆಶ್ರಯವೂ ದಿನಾಲಿನ ದುಡಿಮೆಯೂ ಆ ಭಯವನ್ನು ಕೃತಿಯಾಗಿ ಮಾರ್ಪಡಿಸಿದವು. ನಮ್ಮಲ್ಲಿ ಅನೇಕರು ಈಗ ತಾಯಂದಿರಾಗಿದ್ದೇವೆ. ಮಗಳು ತಂದು ತೋರಿಸುವ ಕಾಗದದಲ್ಲಿ ಬರೇ ಚುಕ್ಕೆಗಳಿರಬಹುದು, ಹೇಳಲು ಬಾರದ ಸಂಕಟವೂ ಇರಬಹುದು. ಅದನ್ನು ಹರಿಯುವ ಮೊದಲು ಕೈಗೆ ತಕ್ಕೊಂಡು, ಇದು ಏನಮ್ಮಾ ಎಂದು ಒಮ್ಮೆ ಕೇಳೋಣ.