ಹಸುಗೂಸುಗಳೊಡನೆ ಹಕ್ಕಿಗಳ ಊರಿಗೆ

ಕ್ರಿಸ್ತಜಯಂತಿಯ ಸಂಭ್ರಮ ಮುಗಿದು ಹೊಸ ವರ್ಷ ಕಾಲಿಟ್ಟೊಡನೆ ನಮ್ಮ ಧರ್ಮಕೇಂದ್ರದ ಯುವ ದಂಪತಿಗಳು ಭಾನುವಾರದ ಬಲಿಪೂಜೆಯ ನಂತರ ನಮ್ಮನ್ನು ಅಂಗಳದಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆಯೊಂದಿದೆ: “ಸ್ವಾಮಿ, ಈ ಸಲ ಪ್ರವಾಸ ಎಲ್ಲಿಗೆ? ಮಗುವಿಗೆ ಇನ್ನೂ ಹತ್ತು ತಿಂಗಳು, ಕರೆತರಬಹುದೇ?” ಸಂಸಾರವಿಲ್ಲದ ನಮ್ಮನ್ನು ಇಂಥದ್ದು ಕೇಳುವುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ಆದರೆ ಧರ್ಮಕೇಂದ್ರದ ವಾರ್ಷಿಕ ಪ್ರವಾಸದ ಪಟ್ಟಿಯನ್ನು ಬಹುಕಾಲ ಸಿದ್ಧಪಡಿಸಿದವರು ನಾವೇ. ಅದರಲ್ಲಿ ತಪ್ಪಿದವರೂ ನಾವೇ. ಆ ತಪ್ಪಿನಿಂದಲೇ ಈ ಲೇಖನವನ್ನು ಆರಂಭಿಸುವುದು ನ್ಯಾಯ.

ಎಂಟು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳಲ್ಲಿ, ಮೈಸೂರಿನಿಂದ ಕೊಡಗಿಗೆ ಎರಡು ದಿನಗಳ ಪ್ರವಾಸ ಹೊರಟೆವು. ಬೈಲಕುಪ್ಪೆ, ದುಬಾರೆ, ಅಬ್ಬಿ ಜಲಪಾತ, ರಾಜಾಸೀಟು, ಭಾಗಮಂಡಲ, ತಲಕಾವೇರಿ, ಹೀಗೆ ಗಂಟೆಗಂಟೆಗೂ ಒಂದು ಸ್ಥಳವೆಂಬಂತೆ ಬೆರಳಚ್ಚು ಮಾಡಿಸಿದ ವೇಳಾಪಟ್ಟಿ ನಮ್ಮ ಜೇಬಿನಲ್ಲಿತ್ತು. ಬಸ್ಸಿನಲ್ಲಿ ಎಂಟು ತಿಂಗಳ ಕೂಸೊಂದಿತ್ತು. ಬೆಳಿಗ್ಗೆಯೇ ಎರಡು ಬಾರಿ ವಾಂತಿಯಾಗಿ, ಮಧ್ಯಾಹ್ನದ ವೇಳೆಗೆ ಭೇದಿಯೂ ಸೇರಿಕೊಂಡಿತು. “ಮಗು ಮಂಕಾಗಿದೆ, ಹಿಂದಿರುಗೋಣವೇ?” ಎಂದು ತಾಯಿ ಮೆಲುದನಿಯಲ್ಲಿ ಕೇಳಿದಳು. “ಇನ್ನೊಂದೇ ಸ್ಥಳ ಉಳಿದಿದೆಯಮ್ಮಾ” ಎಂದೆವು ನಾವು. ಆ ಒಂದು ಸ್ಥಳವನ್ನು ನೋಡಿಕೊಂಡು ತಿರುವುಗಳ ದಾರಿಯಲ್ಲಿ ಇಳಿಯುವ ಹೊತ್ತಿಗೆ ಮಗುವಿನ ಕಣ್ಣು ಗುಳಿಬಿದ್ದು, ಅತ್ತರೂ ಕಣ್ಣೀರು ಬಾರದ ಸ್ಥಿತಿಯಾಗಿತ್ತು. ರಾತ್ರಿ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ದ್ರವ ಕೊಟ್ಟರು. ಎರಡು ದಿನಗಳಲ್ಲಿ ಮಗು ಚೇತರಿಸಿಕೊಂಡಿತು. ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಮಗು ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ?” ಎಂಬುದು. ತಾಯಿಗೆ ಅದರ ಉತ್ತರ ಗೊತ್ತಿತ್ತು. ಅವಳನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ಆ ಕುಟುಂಬ ಮತ್ತೆ ನಮ್ಮ ಬಸ್ಸು ಹತ್ತಲಿಲ್ಲ.

ಪ್ರವಾಸವೆಂದರೆ ನೋಡಬೇಕಾದ ಸ್ಥಳಗಳ ಮೊತ್ತವೆಂಬ ಭಾವನೆ ವಯಸ್ಕರದು. ಹದಿನೆಂಟು ತಿಂಗಳ ಮಗುವಿಗೆ ‘ಸ್ಥಳ’ ಎಂಬ ಕಲ್ಪನೆಯೇ ಇಲ್ಲ. ಅದರ ಮುಂದಿರುವುದು ಈ ಕಲ್ಲು, ಈ ಇರುವೆ, ಈ ನೀರಿನ ತಂಪು. ಮನುಷ್ಯನ ಅರಿವೆಲ್ಲ ಇಂದ್ರಿಯಗಳ ಬಾಗಿಲಿನಿಂದಲೇ ಒಳಬರುತ್ತದೆಂದು ಅರಿಸ್ಟಾಟಲನೂ ಅವನ ಹಾದಿಯಲ್ಲಿ ನಡೆದ ಸಂತ ಥಾಮಸ್ ಅಕ್ವಿನಾಸರೂ ವಾದಿಸಿದ್ದನ್ನು ಸೆಮಿನರಿಯಲ್ಲಿ ನಾವು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದೆವು. ಅದರ ಅರ್ಥವನ್ನು ಕಲಿಸಿದವರು ಮಾತ್ರ ಮಣ್ಣು ಬಾಯಿಗಿಟ್ಟುಕೊಳ್ಳುವ ಈ ಪುಟ್ಟ ತತ್ತ್ವಜ್ಞಾನಿಗಳು.

ಶಿಕ್ಷಣತಜ್ಞೆ ಮರಿಯ ಮಾಂಟೆಸ್ಸರಿ ಅವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದವರು, ಇಟಲಿಯವರಾದ ಕಾರಣ ಎರಡನೆಯ ಮಹಾಯುದ್ಧದ ನಿರ್ಬಂಧಗಳಿಗೆ ಸಿಲುಕಿ ಇಲ್ಲಿಯೇ ಉಳಿಯಬೇಕಾಯಿತು. ಯುದ್ಧದ ನಡುವಿನ ವರ್ಷಗಳನ್ನು ಅವರು ಕೊಡೈಕನಾಲಿನ ಬೆಟ್ಟಗಳಲ್ಲಿ ಮಕ್ಕಳೊಡನೆ ಕಳೆದರು. ಪ್ರಕೃತಿಯನ್ನು ಮಕ್ಕಳ ಶಿಕ್ಷಣದ ಕೇಂದ್ರಕ್ಕೆ ತರುವ ಅವರ ವಿಚಾರ ಬೆಳೆದದ್ದು ಅಲ್ಲಿಯೇ. ಎಳೆಯ ಮಕ್ಕಳ ನಡಿಗೆಯ ವಿಷಯದಲ್ಲಿ ಅವರ ಗಮನಿಕೆ ಬಹಳ ಸೂಕ್ಷ್ಮವಾದದ್ದು. ವಯಸ್ಕನು ಗುರಿ ತಲುಪಲು ನಡೆಯುತ್ತಾನೆ. ಮಗುವಿಗೆ ನಡೆಯುವುದೇ ಕೆಲಸ, ಕಂಡದ್ದರ ಬಳಿಯೆಲ್ಲ ನಿಲ್ಲುವುದು ಆ ಕೆಲಸದ ಭಾಗ. ಆದ್ದರಿಂದ ಮಗುವನ್ನು ಎಳೆದುಕೊಂಡು ಹೋಗದೆ, ಅದು ನಿಂತಲ್ಲಿ ನಿಲ್ಲುವ ವ್ಯವಧಾನ ಹಿರಿಯರಿಗೆ ಬೇಕು. ನಮ್ಮ ವೇಳಾಪಟ್ಟಿಯಲ್ಲಿ ಇಲ್ಲದಿದ್ದುದು ಇದೇ.

ಆ ಪ್ರಸಂಗವಾದ ಮೇಲೆ ಎರಡು ವರ್ಷ ಪ್ರವಾಸವೇ ನಡೆಯಲಿಲ್ಲ. ಮೂರನೆಯ ವರ್ಷ ತಾಯಂದಿರ ಸಂಘದವರು ನಮ್ಮ ಕೈಯಿಂದ ಲೇಖನಿಯನ್ನು ಕಸಿದುಕೊಂಡರೆಂದೇ ಹೇಳಬೇಕು. ಮೂರು ದಿನ, ಒಂದೇ ವಸತಿ, ದಿನಕ್ಕೆ ಒಂದೇ ಜಾಗ ಎಂದು ಅವರು ನಿಶ್ಚಯಿಸಿದರು. ಎರಡು ಗಂಟೆಗಿಂತ ದೂರ ಬೇಡವೆಂದರು. ಶಾಲೆಗೆ ಹೋಗದ ಮಕ್ಕಳಿಗೆ ಬೇಸಿಗೆ ರಜೆಯ ಹಂಗೇಕೆ, ಬಿಸಿಲೂ ಜನಜಂಗುಳಿಯೂ ಏರುವ ಮುನ್ನ ಫೆಬ್ರವರಿಯ ಆರಂಭದಲ್ಲೇ ಹೋಗೋಣವೆಂದರು. (ದೊಡ್ಡ ಮಕ್ಕಳೂ ಇರುವ ಮನೆಗಳಿಗೆ ಇದು ಕಷ್ಟವೇ ಸರಿ.) ಮಳೆಗಾಲದ ಮಲೆನಾಡು ಎಷ್ಟೇ ಸುಂದರವಾಗಿದ್ದರೂ ಕೂಸುಗಳೊಡನೆ ಬೇಡವೆಂಬ ಅವರ ಅಭಿಪ್ರಾಯಕ್ಕೆ ನಮ್ಮ ಪೂರ್ಣ ಸಮ್ಮತಿಯಿತ್ತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದದ್ದನ್ನೂ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಜಾರಿದ್ದನ್ನೂ ಮರೆಯುವಂತಿಲ್ಲ.

ಅವರು ಆರಿಸಿದ ಊರು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಬೆಂಗಳೂರು–ಮೈಸೂರು ಹೆದ್ದಾರಿಯಿಂದ ಸುಮಾರು 12 ಕಿ.ಮೀ. ಒಳಗಿರುವ ಈ ಹಳ್ಳಿಗೆ ಡಿಸೆಂಬರ್‌ನಿಂದ ಬೇಸಿಗೆಯವರೆಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು, ಮನೆಗಳ ನಡುವೆಯೇ ನಿಂತಿರುವ ಹುಣಸೆ ಮುಂತಾದ ಮರಗಳಲ್ಲಿ ಗೂಡು ಕಟ್ಟಿ ಮರಿಮಾಡುತ್ತವೆ. ಇಲ್ಲಿ ಕಾಡಿಗೆ ಹೋಗಬೇಕಾಗಿಲ್ಲ, ಬೆಟ್ಟ ಹತ್ತಬೇಕಾಗಿಲ್ಲ. ಜಗಲಿಯ ಮೇಲೆ ಕುಳಿತು ತಲೆಯೆತ್ತಿದರೆ ಸಾಕು. ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಹಿಕ್ಕೆ ಬಿದ್ದು ಅಂಗಳ ಹೊಲಸಾದರೂ ಓಡಿಸುವುದಿಲ್ಲ. ಆ ಹಿಕ್ಕೆಯೇ ಹೊಲಕ್ಕೆ ಒಳ್ಳೆಯ ಗೊಬ್ಬರವೂ ಹೌದು. 2007ರಲ್ಲಿ ಸರಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಮಡಿಲಲ್ಲಿ ಕೂಸನ್ನಿಟ್ಟುಕೊಂಡು ಹೋಗುವ ತಾಯಿಗೆ ಇದಕ್ಕಿಂತ ಸ್ವಾಗತಶೀಲವಾದ ಊರನ್ನು ನಾವು ಬೇರೆ ಕಾಣೆವು.

ಇನ್ನೊಂದು ದಿನಕ್ಕೆ ರಂಗನತಿಟ್ಟು. ಕಾವೇರಿಗೆ ಹಳೆಯ ಕಾಲದಲ್ಲಿ ಕಟ್ಟಿದ ಒಡ್ಡಿನಿಂದಾಗಿ ಮೂಡಿದ ಈ ನಡುಗಡ್ಡೆಗಳು ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದವು. 2022ರಲ್ಲಿ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ಸಂದಿತು. ಅಲ್ಲಿ ದೋಣಿಯಿದೆ. ಮಗುವಿನ ಮೈಗೆ ಸರಿಯಾಗಿ ಕೂರುವ ಜೀವರಕ್ಷಕ ಅಂಗಿ ದೊರೆತರೆ ಮಾತ್ರ ಹತ್ತಿ, ಇಲ್ಲವಾದರೆ ದಡದಲ್ಲೇ ಇರಿ. ದಡದ ಮರಗಳ ನೆರಳಿನಿಂದಲೂ ಹಕ್ಕಿಗಳು ಕಾಣುತ್ತವೆ. ಬಂಡೆಗಳ ಮೇಲೆ ಮಲಗಿರುವುದು ಮೊಸಳೆಯೆಂಬುದನ್ನೂ, ನೀರಿಗೆ ಕೈ ಅದ್ದಬಾರದೆಂಬುದನ್ನೂ ಹೇಳಬೇಕಾದದ್ದು ಮಕ್ಕಳಿಗಲ್ಲ, ಅಪ್ಪಂದಿರಿಗೆ. ಜೀಪಿನ ಸಫಾರಿಯ ವಿಷಯವನ್ನೂ ಕೆಲವರು ಎತ್ತಿದರು. ಎರಡು ವರ್ಷದ ಮಗುವನ್ನು ಗಂಟೆಗಟ್ಟಲೆ ಮಾತಾಡದೆ ಕೂರಿಸುವುದು ಮಗುವಿಗೂ ಅನ್ಯಾಯ, ಆನೆಗೂ ಅನ್ಯಾಯ.

ಸಿದ್ಧತೆಯ ಮಾತಿಗೆ ಬರೋಣ. ಆರು ತಿಂಗಳವರೆಗಿನ ಕೂಸಿಗೆ ತಾಯಿಯ ಹಾಲೊಂದೇ ಸಾಕು. ಬಿಸಿಲಿದೆಯೆಂದು ಅಜ್ಜಿಯಂದಿರು ಬಾಯಿಗೆ ನೀರು ಹನಿಸುವುದು ಪ್ರೀತಿಯಿಂದಲೇ ಆದರೂ ವೈದ್ಯರು ಅದನ್ನು ಒಪ್ಪುವುದಿಲ್ಲ. ಬದಲಿಗೆ ತಾಯಿಗೆ ಹೆಚ್ಚು ನೀರು, ಹೆಚ್ಚು ಬಿಡುವು, ಹಾಲೂಡಲು ಮರೆಯಿರುವ ಜಾಗ ಬೇಕು. ವಸತಿ ಗೊತ್ತುಮಾಡುವಾಗ ಕೋಣೆಯ ಬಾಡಿಗೆಗಿಂತ ಮೊದಲು ಇದನ್ನು ವಿಚಾರಿಸಿರಿ. ದೊಡ್ಡ ಮಕ್ಕಳಿಗೆ ಕುದಿಸಿ ಆರಿಸಿದ ನೀರು, ಮನೆಯ ರಾಗಿಹಿಟ್ಟು, ಬಾಳೆಹಣ್ಣು. ಓ.ಆರ್.ಎಸ್. ಪೊಟ್ಟಣಗಳಿರಲಿ: ದೊಡ್ಡ ಪೊಟ್ಟಣವಾದರೆ ಇಡಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ ಬೆರೆಸಿ, 24 ಗಂಟೆಗಳ ಮೇಲೆ ಉಳಿದದ್ದನ್ನು ಚೆಲ್ಲಿರಿ. ಆರು ಗಂಟೆಗಳಿಂದ ಬಟ್ಟೆ ಒದ್ದೆಯಾಗಿಲ್ಲ, ಬಾಯಿ ಒಣಗಿದೆ, ನೆತ್ತಿ ಕುಳಿಬಿದ್ದಿದೆ ಎಂದರೆ ಅಲ್ಲಿಗೆ ಪ್ರವಾಸ ಮುಗಿಯಿತು, ವೈದ್ಯರಲ್ಲಿಗೆ ನಡೆಯಿರಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೂ ಹಾಗೆಯೇ. ಹತ್ತಿರದ ಆಸ್ಪತ್ರೆ ಯಾವುದೆಂಬುದು ಹೊರಡುವ ಮೊದಲೇ ತಿಳಿದಿರಬೇಕು.

ಕಾರಿನಲ್ಲಿ ಹೋಗುವವರು ಮುಂದಿನ ಆಸನದಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಳ್ಳಬಾರದು. ಗಾಳಿಚೀಲ ಬಿಚ್ಚಿಕೊಂಡರೆ ಅದೇ ಮಾರಕ. ಆರು ತಿಂಗಳೊಳಗಿನ ಮಕ್ಕಳಿಗೆ ಬಿಸಿಲಿನ ಲೇಪಕ್ಕಿಂತ ನೆರಳು, ತೆಳುವಾದ ತುಂಬುತೋಳಿನ ಹತ್ತಿಯಂಗಿ ಮೇಲು. ಎರಡು ತಿಂಗಳೊಳಗಿನವರಿಗೆ ಸೊಳ್ಳೆಯ ಮುಲಾಮೂ ಬೇಡ, ಪರದೆ ಸಾಕು. ಉದುರಿದ ಗರಿಯನ್ನು ಮಗು ಮುಟ್ಟಿದರೆ ಸಾಬೂನಿನಿಂದ ಕೈ ತೊಳೆಸಿರಿ. ಸತ್ತ ಹಕ್ಕಿಯ ಹತ್ತಿರ ಬಿಡಲೇಬೇಡಿ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡುಗಳತ್ತ ಹೊರಡುವವರಿಗೆ ಬೇರೊಂದು ಎಚ್ಚರಿಕೆ ಅಗತ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳ ಕಡಿತದಿಂದ ಹರಡುತ್ತದೆ. ಅದರ ಹಾವಳಿ ಹೆಚ್ಚುವುದು ನಾವು ಪ್ರವಾಸ ಹೋಗಬಯಸುವ ಒಣ ತಿಂಗಳುಗಳಲ್ಲಿಯೇ. ಹೊರಡುವ ಮುನ್ನ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಪ್ರಕರಣಗಳಿದ್ದರೆ ಆ ಕಾಡನ್ನು ಬಿಟ್ಟುಬಿಡಿ. ತರಗೆಲೆಯ ಮೇಲೆ ಮಗುವನ್ನು ಕೂರಿಸಬಾರದು. ಸಂಜೆ ಕಿವಿಯ ಹಿಂದೆ, ಕಂಕುಳಲ್ಲಿ, ಕೂದಲಂಚಿನಲ್ಲಿ ಹುಡುಕಿ ನೋಡಬೇಕು.

ಎಲ್ಲಕ್ಕಿಂತ ನಮಗೆ ಭಯವಿರುವುದು ನೀರಿನದು. ಎಳೆಯ ಮಗು ಅಂಗೈ ಆಳದ ನೀರಿನಲ್ಲೂ ಸದ್ದಿಲ್ಲದೆ ಮುಳುಗಬಲ್ಲದು. ಹೊಳೆಯ ಬಳಿ ಇಪ್ಪತ್ತು ಮಂದಿ ಹಿರಿಯರಿದ್ದರೂ ಪ್ರತಿಯೊಬ್ಬರೂ ಮತ್ತೊಬ್ಬರು ನೋಡಿಕೊಳ್ಳುತ್ತಿದ್ದಾರೆಂದು ನಂಬಿರುತ್ತಾರೆ. ಆದ್ದರಿಂದ ಪ್ರತಿ ಮಗುವಿಗೂ ಆಯಾ ಗಂಟೆಗೆ ಒಬ್ಬ ಹಿರಿಯರನ್ನು ಹೆಸರು ಹೇಳಿ ನೇಮಿಸುವ ಪದ್ಧತಿಯನ್ನು ತಾಯಂದಿರು ತಂದರು. ನಮಗೂ ಒಂದು ಸರದಿ ಬಂತು.

ನಮ್ಮ ಪಾಲಿಗೆ ಬಂದದ್ದು ಎರಡು ವರ್ಷದ ಒಬ್ಬ ಹುಡುಗ. ಕೊಕ್ಕರೆಬೆಳ್ಳೂರಿನ ಹುಣಸೆಮರದ ತುದಿಯಲ್ಲಿ ಹೆಜ್ಜಾರ್ಲೆಯೊಂದು ತನ್ನ ಗಂಟಲಚೀಲದಿಂದ ಮರಿಗೆ ಉಣಿಸುತ್ತಿತ್ತು. ನಾವು ಬೆರಳು ಮಾಡಿ ತೋರಿಸಿದೆವು, ಬೈನಾಕ್ಯುಲರ್ ಕಣ್ಣಿಗಿಟ್ಟೆವು. ಅವನು ಒಮ್ಮೆ ನೋಡಿ, ಮತ್ತೆ ನೆಲಕ್ಕೆ ಕುಳಿತ. ಮೇಲಿಂದ ಬಿದ್ದ ಮೀನಿನ ತುಣುಕೊಂದನ್ನು ಇರುವೆಗಳು ಎಳೆದೊಯ್ಯುತ್ತಿದ್ದವು. ಅವನಿಗೆ ಅದೇ ಪ್ರಪಂಚ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಅಭ್ಯಾಸಬಲದಿಂದ ನಮ್ಮ ಕೈ ಜೇಬಿನ ಕಡೆಗೆ ಹೋಯಿತು, ವೇಳಾಪಟ್ಟಿ ಇರಲಿಲ್ಲ. ಮೊಣಕಾಲು ನೋಯುತ್ತಿದ್ದರೂ ನಾವೂ ಕುಳಿತೆವು. ಇರುವೆಗಳ ಸಾಲು ಗೋಡೆಯ ಬಿರುಕನ್ನು ಸೇರುವವರೆಗೆ ಇಬ್ಬರೂ ಅದರ ಹಿಂದೆಯೇ ತೆವಳಿದೆವೆಂದರೆ ಓದುಗರು ನಗಬಾರದು. ಆಮೇಲೆ ಅವನೇ ತಲೆಯೆತ್ತಿ ಮರವನ್ನು ನೋಡಿ “ಅಜ್ಜಾಲೆ” ಎಂದ. ಮೂರು ದಿನವೂ ಆ ಬಸ್ಸಿನಲ್ಲಿ ಅದೊಂದೇ ಮಾತು ಕೇಳಿಬರುತ್ತಿತ್ತು.

ಅಂದಿನಿಂದ ಪ್ರತಿವರ್ಷ ಅದೇ ಕ್ರಮ ನಡೆದುಬಂದಿದೆ. ಈ ವರ್ಷದ ಪ್ರವಾಸಕ್ಕೆ ಹೆಸರು ಕೊಡುವವರು ಮಕ್ಕಳ ವಯಸ್ಸನ್ನೂ ತಿಂಗಳ ಲೆಕ್ಕದಲ್ಲಿ ಬರೆಯಬೇಕೆಂದು ಕೇಳಿದ್ದೆವು. ಕಳೆದ ವಾರ ಬಂದ ಚೀಟಿಗಳಲ್ಲಿ ಎಂಟು ವರ್ಷಗಳ ಹಿಂದೆ ಆಸ್ಪತ್ರೆಗೆ ಓಡಿದ ಆ ತಾಯಿಯದೂ ಒಂದಿತ್ತು. ಅಂದಿನ ಕೂಸು ಈಗ ಮೂರನೆಯ ತರಗತಿಯಲ್ಲಿದ್ದಾಳೆ. ಜೊತೆಗೆ ಹದಿನಾಲ್ಕು ತಿಂಗಳ ತಮ್ಮನಿದ್ದಾನೆ. ಚೀಟಿಯ ಕೆಳಗೆ ಒಂದು ಪ್ರಶ್ನೆ: “ದಿನಕ್ಕೆ ಎಷ್ಟು ಸ್ಥಳ?” ನಾವು ಅದರ ಪಕ್ಕದಲ್ಲೇ ‘ಒಂದು’ ಎಂದು ಬರೆದು, ಸಹಿ ಮಾಡಿ ಕಳುಹಿಸಿದ್ದೇವೆ.