ನಿಮಗಿದು ಗೊತ್ತೇ? ಕೈಗೆ ಕೈಯಾಗುವ ಸಾಧನಗಳು

ಅಂಗಿಯ ಗುಂಡಿ ಹಾಕುವುದು, ಲೋಟ ಎತ್ತುವುದು, ಮೆಟ್ಟಿಲು ಹತ್ತುವುದು. ಸಂಧಿವಾತ ಇರುವವರಿಗೆ, ಲಕ್ವ ಹೊಡೆದವರಿಗೆ ಇವು ಸಣ್ಣ ಕೆಲಸಗಳಲ್ಲ. ಅವನ್ನು ಹಗುರ ಮಾಡಿದ ಸಾಧನಗಳ ಬಗ್ಗೆ ಒಂದಿಷ್ಟು:

● ಕುಳಿತವರೇ ಕೈಯಿಂದ ತಿರುಗಿಸಿ ಓಡಿಸಬಲ್ಲ ಮೂರು ಗಾಲಿಯ ಕುರ್ಚಿಯನ್ನು 1655ರಲ್ಲೇ ತಯಾರಿಸಿದವರು ಜರ್ಮನಿಯ ಗಡಿಯಾರ ತಯಾರಕ ಸ್ಟೀಫನ್ ಫಾರ್ಫ್ಲರ್. ನಡೆಯಲಾಗದ ಅವರು ಅದನ್ನು ಮಾಡಿಕೊಂಡದ್ದು ತಮಗಾಗಿಯೇ.

● ಮಡಚುವ ಗಾಲಿಕುರ್ಚಿ ಬಂದದ್ದು 1933ರಲ್ಲಿ, ಅಮೆರಿಕದಲ್ಲಿ. ಗಣಿ ಅಪಘಾತದಲ್ಲಿ ಕಾಲಿನ ಶಕ್ತಿ ಕಳೆದುಕೊಂಡಿದ್ದ ಹರ್ಬರ್ಟ್ ಎವರೆಸ್ಟ್‌ಗೆ ಕಾರಿನಲ್ಲಿ ಒಯ್ಯಬಹುದಾದ ಕುರ್ಚಿ ಬೇಕಿತ್ತು. ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆ ಸೇರಿ ಅದನ್ನು ರೂಪಿಸಿದರು.

● ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ಬಲಗೈ ಕಳೆದುಕೊಂಡದ್ದು 1797ರಲ್ಲಿ. ಆಮೇಲೆ ಚಾಕು, ಫೋರ್ಕ್ ಎರಡೂ ಒಂದರಲ್ಲೇ ಇರುವ ಸಾಧನ ಬಳಸಿದರು. ಒಂದೇ ಕೈಯಲ್ಲಿ ಉಣ್ಣುವವರಿಗೆಂದು ‘ನೆಲ್ಸನ್ ಚಾಕು’ ಇಂದಿಗೂ ತಯಾರಾಗುತ್ತಿದೆ.

● ಬಾಗುವ ಸ್ಟ್ರಾ ಹುಟ್ಟಿದ್ದು ಪುಟ್ಟ ಮಗಳಿಗಾಗಿ. ಜೋಸೆಫ್ ಫ್ರೀಡ್‌ಮನ್ ಕಾಗದದ ಕೊಳವೆಯೊಳಗೆ ಸ್ಕ್ರೂ ತೂರಿಸಿ, ಹೊರಗಿಂದ ದಾರ ಬಿಗಿದು ಮಡಿಕೆ ಮೂಡಿಸಿದರು. 1937ರಲ್ಲಿ ಪೇಟೆಂಟ್ ಸಿಕ್ಕಿತು. ಮೊದಲು ಕೊಂಡದ್ದು ಮಾತ್ರ ಆಸ್ಪತ್ರೆ: ರೋಗಿ ಮಲಗಿದಲ್ಲೇ ನೀರು ಕುಡಿಯಬಹುದಲ್ಲ!

● 1954ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬಂದ ವಿದ್ಯುತ್ ಟೂತ್‌ಬ್ರಶ್ ‘ಬ್ರಾಕ್ಸೊಡೆಂಟ್’ ಕೈ ಸರಿಯಾಗಿ ಆಡದವರನ್ನೂ ಗಮನದಲ್ಲಿಟ್ಟು ರೂಪುಗೊಂಡದ್ದು.

● ಪತ್ನಿಯ ಸಂಧಿವಾತದ ಕೈಗೆ ಸಿಪ್ಪೆ ಹೆರೆಯುವುದು ಕಷ್ಟವಾದುದನ್ನು ಕಂಡ ಸ್ಯಾಮ್ ಫಾರ್ಬರ್ 1990ರಲ್ಲಿ ದಪ್ಪ, ಮೆತ್ತನೆ ಹಿಡಿಕೆಯ ‘ಆಕ್ಸೊ’ ಉಪಕರಣಗಳನ್ನು ತಂದರು. ಹಿಡಿಕೆ ತುಸು ದಪ್ಪವಿದ್ದರೆ ಬೆರಳು ಬಿಗಿಯುವ ಶ್ರಮ ಕಡಿಮೆ. ನಿಮ್ಮ ಮನೆಯ ಚಮಚದ ಹಿಡಿಗೂ ಸ್ಪಂಜಿನ ಕೊಳವೆ ತೊಡಿಸಿ ನೋಡಿ.

● ಗುಂಡಿ ಹಾಕಲು ಒಂದು ಕೈ, ಒಂದು ತಂತಿಯ ಕುಣಿಕೆ ಸಾಕು! ಕುಣಿಕೆಯನ್ನು ಕಾಜದೊಳಗೆ ತೂರಿಸಿ, ಗುಂಡಿಗೆ ಸಿಕ್ಕಿಸಿ, ಹಿಂದಕ್ಕೆ ಎಳೆದರೆ ಗುಂಡಿ ಕಾಜ ದಾಟಿ ಬರುತ್ತದೆ.

● ಒಂದೇ ಕೈಯಲ್ಲಿ ತರಕಾರಿ ಹೆಚ್ಚುವವರ ಮಣೆಯಲ್ಲಿ ತುಕ್ಕು ಹಿಡಿಯದ ಮೊಳೆಗಳು ಮೇಲ್ಮುಖವಾಗಿರುತ್ತವೆ. ಈರುಳ್ಳಿಯನ್ನು ಅದಕ್ಕೆ ಚುಚ್ಚಿಟ್ಟರೆ ಜಾರುವುದಿಲ್ಲ.

● ನೋವು ಬಲಗಾಲಿನಲ್ಲಿದ್ದರೆ ಊರುಗೋಲು ಎಡಗೈಯಲ್ಲಿರಬೇಕು! ನೋವಿನ ಕಾಲು ಮುಂದಿಟ್ಟಾಗಲೇ ಕೋಲನ್ನೂ ಮುಂದೂರಬೇಕು. ನೇರ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕಿದ್ದರೆ ಅಳತೆ ಸರಿ.

● ಇಳಿಜಾರು ದಾರಿಗೆ ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ 1:12. ಅಂದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಇದಕ್ಕಿಂತ ಕಡಿದಾದರೆ ಗಾಲಿಕುರ್ಚಿ ತಳ್ಳಿಕೊಳ್ಳುವ ತೋಳು ಸೋಲುತ್ತದೆ.

● ಬಡ ಹಿರಿಯ ನಾಗರಿಕರಿಗೆ ಊರುಗೋಲು, ವಾಕರ್, ಗಾಲಿಕುರ್ಚಿಗಳನ್ನು ಉಚಿತವಾಗಿ ಕೊಡುವ ಕೇಂದ್ರದ ‘ರಾಷ್ಟ್ರೀಯ ವಯೋಶ್ರೀ ಯೋಜನೆ’ 2017ರಿಂದ ಜಾರಿಯಲ್ಲಿದೆ. ಕೋಲು ಹಿಡಿದರೆ ನೋಡಿದವರು ಏನಂದಾರು ಎಂದು ಹಿಂಜರಿಯುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಬಿದ್ದು ಮೂಳೆ ಮುರಿಯುವ ಮೊದಲೇ ಅವರಿಗೆ ಈ ಯೋಜನೆಯ ಬಗ್ಗೆ ತಿಳಿಸಿ.